ಇನ್ನು ಹತ್ತೇ ನಿಮಿಷ

ಕುಂತಿಬೆಟ್ಟದ ಬುಡದಲ್ಲಿ, ಬೆಳಗಿನ ನಾಲ್ಕೂವರೆಗೆ,
ನಾನು ಮೊದಲು ಎಣಿಸುವುದು ತಲೆ, ಆಮೇಲೆ ಟಾರ್ಚು,
ಕೊನೆಗೆ ಚಪ್ಪಲಿ.
"ಚಪ್ಲೀಲಿ ಬಂದೋರು ಕೈ ಎತ್ತಿ" ಅಂದರೆ
ಕತ್ತಲಲ್ಲಿ ಯಾರೂ ಎತ್ತುವುದಿಲ್ಲ.
ಬಂಡೆಯೇ ಹೇಳುತ್ತದೆ ಆಮೇಲೆ, ಟಪ ಟಪ.

ಹದಿನಾಲ್ಕು ವರ್ಷದಿಂದ ಇದೇ ಕೆಲಸ.
ಹಿರೋಡೆಯ ಜವರಯ್ಯನ ಮಗ ಬೋರಲಿಂಗನಿಗೆ ಗೊತ್ತು
ಎಲ್ಲಿ ಜಾರುತ್ತದೆ, ಎಲ್ಲಿ ಜೇನು ಕಟ್ಟಿದೆ,
ಯಾವ ಕಲ್ಲಿಗೆ ಒರಗಿ ಬಂದವರು ಮೊದಲ ಸಲ ಕೇಳುತ್ತಾರೆ
"ಇನ್ನೆಷ್ಟು ದೂರ?"
ಕೇಳಿದವರಿಗೆಲ್ಲ ಒಂದೇ ಮಾತು:
"ಹತ್ತೇ ನಿಮಿಷ ಕಣ್ರೀ, ಅಗೋ, ಅಲ್ಲೇಯ."

ಹೋದ ವೈಶಾಖದಲ್ಲಿ
ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಹನ್ನೊಂದು ಮಂದಿ
ಹಿಮದ ಬೆಟ್ಟ ನೋಡಲು ಹೊರಟರು,
"ಗಂಟು ಹೊರೋಕೆ ನೀನೂ ಬಾರ್ಲಾ" ಅಂದರು.
ಅಲ್ಲಿ ಹಗ್ಗದ ಮೇಲೆ ಓಡುವ ಡಬ್ಬಿ.
ಎಂಟು ಜನ ಒಳಗೆ; ಬಾಗಿಲು ತಾನೇ ಮುಚ್ಚಿತು;
ನೆಲ ನಮ್ಮನ್ನು ಕೇಳದೆ ಕೆಳಗೆ ಹೋಯಿತು.
ದೇವದಾರಿನ ತುದಿಗಳು ಕಾಲಡಿಯಲ್ಲಿ
ಸೂಲಂಗಿ ಬಂದ ಕಬ್ಬಿನ ಹಾಗೆ ತೂಗುತ್ತಿದ್ದವು.
ಕಂಬಿ ಹಿಡಿದು ಕಣ್ಣು ಮುಚ್ಚಿದೆ.
ಹಿಮ್ಮಡಿ ಸವೆಸಿ ನಾನು ಎಂದೂ ಮುಟ್ಟದ ಎತ್ತರ
ಒಂದು ಬೀಡಿ ಸೇದುವಷ್ಟರಲ್ಲಿ ಬಂತು,
ಅಂಗಿ ಒದ್ದೆಯಾಗಲಿಲ್ಲ.
ಎರವಲು ಒಡವೆ ತೊಟ್ಟು ಮದುವೆಗೆ ಹೋದಂತೆ
ಒಂಥರಾ ನಾಚಿಕೆ.

ಹಗ್ಗ ಮುಗಿಯಿತು, ಇಳಿದೆವು.
ಬೆಟ್ಟ ಶುರುವಾಗುವುದೇ ಅಲ್ಲಿಂದ
ಎಂದು ನಮಗೆ ಯಾರೂ ಹೇಳಿರಲಿಲ್ಲ.

ದಾರಿ ತೋರಿಸುವವನು ನನ್ನ ಭುಜಕ್ಕೂ ಬಾರದ ಮುದುಕ,
ಹೆಸರು ಥಿನ್ಲೆ, ಮುಂದೆ ಮೂರೇ ಹಲ್ಲು.
ನೂರು ಹೆಜ್ಜೆಗೆ ನನ್ನ ತಲೆ ಈಡುಗಾಯಿ.
ಚೀಲದೊಳಗೆ ನಿಪ್ಪಟ್ಟಿನ ಪೊಟ್ಟಣ
ಬಲೂನಿನ ಹಾಗೆ ಉಬ್ಬಿ ಕೂತಿತ್ತು.
ಪೆನ್ಶನ್ನಿನ ಯಜಮಾನರು ಕೋಲೂರಿಕೊಂಡು ಮುಂದೆ ಹೋದರು,
ಬೆಟ್ಟದ ಬೋರಲಿಂಗ ಹುಲ್ಲಿನ ಮೇಲೆ ಮಂಡಿಯೂರಿ ಕಕ್ಕಿದ.

ಮುದುಕ ನಗಲಿಲ್ಲ.
ತನಗೇ ಸುಸ್ತಾಯಿತು ಎನ್ನುವ ಹಾಗೆ ಪಕ್ಕದಲ್ಲಿ ಕೂತ.
ನನ್ನ ಬೆನ್ನ ಹಿಂದೆ ಅಂಗೈ ಹಿಡಿದ, ತಾಗಿಸದೆ,
ಒಲೆಯ ಬಿಸಿ ನೋಡುವವರ ಹಾಗೆ.
ಹರಕುಮುರುಕು ಹಿಂದಿಯಲ್ಲಿ ಕೇಳಿದೆ, ಇನ್ನೆಷ್ಟು?
"ದಸ್ ಮಿನಿಟ್."

ಅವನ ಮುಖ ನೋಡಿದೆ.
ಅಯ್ಯೋ ಸುಳ್ಳುಬುರುಕ!
ನಮ್ಮನೆ ಸುಳ್ಳು ಕಣಯ್ಯ ಇದು,
ಇಷ್ಟು ಎತ್ತರಕ್ಕೆ ಯಾವಾಗ ಹತ್ತಿ ಬಂತು?

ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.
ಮೇಲೇನಿತ್ತು ಅಂದರೆ, ಬಿಳಿ ಇತ್ತು, ಗಾಳಿ ಇತ್ತು,
ಫೋಟೊ ಇದೆ, ಕೇಳಿದವರಿಗೆ ತೋರಿಸುತ್ತೇನೆ.

ಈ ಭಾನುವಾರ ಎರಡನೇ ಬಂಡೆಯ ಹತ್ತಿರ
ಮಂಡ್ಯದ ಪೋಸ್ಟಾಫೀಸಿನ ಪಂಕಜಾಕ್ಷಮ್ಮ ಕೂತುಬಿಟ್ಟರು.
ಕಾಲಿನಲ್ಲಿ ನಡುಕ, ಮುಷ್ಟಿಯಲ್ಲಿ ಕಿತ್ತುಬಂದ ಹುಲ್ಲು.
"ಇಲ್ಲಿಗೂ ಒಂದು ರೋಪ್‌ವೇ ಹಾಕ್ಬಾರ್ದೇನಪ್ಪ?"
"ಹಾಕ್ಲಿ ಬುಡಿ ಮೇಡಂ. ಇಳಿದ್ಮ್ಯಾಕೆ ನಡೀಲೇಬೇಕು."
ಉಳಿದವರನ್ನು ತಮ್ಮನ ಹಿಂದೆ ಕಳಿಸಿ ನಾನೂ ಕೂತೆ.

ಬೆಳಕು ಮೊದಲು ಕಾರ್ಖಾನೆಯ ಚಿಮಣಿಗೆ ಬಂತು,
ಆಮೇಲೆ ತೊಣ್ಣೂರು ಕೆರೆಗೆ,
ಕಬ್ಬಿನ ಗದ್ದೆಗೆ ಬರುವ ಹೊತ್ತಿಗೆ
ಮೈಸೂರಿನ ರೈಲು ಒಮ್ಮೆ ಕೂಗಿ ದಾಟಿತ್ತು.
ತುದಿಯಲ್ಲಿ ಹುಡುಗರು ಸೂರ್ಯನಿಗೆ ಚಪ್ಪಾಳೆ ತಟ್ಟಿದರು.
ನಮಗೆ ಅವನು ಅರ್ಧವೇ ಕಂಡ,
ಇನ್ನರ್ಧಕ್ಕೆ ಬಂಡೆ ಅಡ್ಡ.

ನೋಡಿದರೆ ನನ್ನ ಅಂಗೈ
ಅವರ ಬೆನ್ನಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿದೆ.
ಯಾವಾಗ ಹೋಯಿತೋ.

"ನಿಜ ಹೇಳು, ಇನ್ನೆಷ್ಟು ಹೊತ್ತು?"
ಮೂವತ್ತೈದು ನಿಮಿಷ. ಆ ಮೊಣಕಾಲಿಗೆ ನಲವತ್ತು.
"ಹತ್ತೇ..." ಅಂದೆ.

ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ಕೂತು
ಸಹಿಗೆ ಸಹಿ ತಾಳೆ ನೋಡಿದ ಕಣ್ಣು
ನನ್ನ ಮುಖದ ಮೇಲೆ ಒಂದು ಗಳಿಗೆ ನಿಂತಿತು.
"ಸರಿ" ಅಂದರು,
ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ
ಎದ್ದರು.